ಶ್ರುತಿಪೆಟ್ಟಿಗೆ ಸರಿ ಉಂಟು ಎಂದೆ

ಇದನ್ನು ಬರೆಯಲೆಂದು ಕೂತು, ಬರೆಯದೆ ಎದ್ದದ್ದು ಎಷ್ಟು ಸಲವೋ. ಅಂಗಡಿ ಇದ್ದಾಗ ಕೆಲಸದ ನೆಪ ಇತ್ತು. ಅಂಗಡಿ ಮುಚ್ಚಿದ ಮೇಲೆ ಕಣ್ಣಿನ ಪೊರೆಯ ನೆಪ ಸಿಕ್ಕಿತು. ಕಾಸರಗೋಡಿಗೆ ಹೋಗಿ ಪೊರೆ ತೆಗೆಸಿಕೊಂಡು ಬಂದೆ. ಈಗ ಅಕ್ಷರ ಚೆನ್ನಾಗಿ ಕಾಣುತ್ತದೆ. ಕಿವಿ ಮಾತ್ರ ಮೊದಲಿನಂತಿಲ್ಲ. ಒಂದು ಕಾಲದಲ್ಲಿ ಈ ಕಿವಿಯ ಮೇಲೆ ನನಗೆ ಬಹಳ ಗರ್ವ ಇತ್ತು. ಆ ಗರ್ವದಿಂದ ಒಬ್ಬರಿಗೆ ಏನಾಯಿತು ಎಂಬುದನ್ನು ಇನ್ನು ಹೇಳದೆ ಇರಲಾರೆ.

ನಾನು ಹೈಸ್ಕೂಲು ಮುಗಿಸಿದವನು, ಅಷ್ಟೆ. ಮುಳ್ಳೇರಿಯ ಪೇಟೆಯಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದೆ, ಸಭೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದೆ. ಫೋನಿನಲ್ಲಿ ಸದ್ದು ಕೇಳಿಸಿದರೆ ಸಾಕು, ಸ್ಪೀಕರಿನ ಕಾಗದ ಹರಿದಿದೆಯೋ ಒಳಗಿನ ಕಾಯಿಲ್ ಉಜ್ಜುತ್ತಿದೆಯೋ ಎಂದು ಹೇಳಿಬಿಡುತ್ತಾನೆ ಎಂಬ ಹೆಸರಿತ್ತು. ಹೆಚ್ಚಿನ ಸಲ ಸರಿಯೇ ಆಗುತ್ತಿತ್ತು. ತಪ್ಪಿದ ಸಲ ಯಾರೂ ನೆನಪಿಡುತ್ತಿರಲಿಲ್ಲ, ನಾನೂ ನೆನಪಿಸುತ್ತಿರಲಿಲ್ಲ.

ನಡೆದದ್ದು ಎರಡು ಸಾವಿರದ ಹನ್ನೆರಡು, ಹದಿಮೂರರ ಹೊತ್ತಿಗೆ, ಮುಳ್ಳೇರಿಯದಿಂದ ಸ್ವಲ್ಪ ಒಳಗಿರುವ ನಮ್ಮ ಊರಿನ ವಾಚನಾಲಯದಲ್ಲಿ. ಅಲ್ಲಿನ ಕಪಾಟಿನಲ್ಲಿ ಸುತ್ತಮುತ್ತ ನಡೆದ ತಾಳಮದ್ದಳೆಗಳ, ಆ ವೇಷವಿಲ್ಲದ ಯಕ್ಷಗಾನ ಕೂಟಗಳ, ಕ್ಯಾಸೆಟ್‌ಗಳು ಬೂಸ್ಟು ಹಿಡಿಯುತ್ತಿದ್ದವು. ಅವುಗಳಲ್ಲಿ ಹಲವನ್ನು ನಾನೇ ಸಭಾಂಗಣದಲ್ಲಿ ಕೂತು ರೆಕಾರ್ಡ್ ಮಾಡಿದ್ದೆ. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ಉಳಿಸಬೇಕು, ಆಸಕ್ತರು ಬಂದು ಕೂತು ಕೇಳುವಂತೆ ಒಂದು ಜೋಡಿ ಒಳ್ಳೆಯ ಸ್ಪೀಕರ್ ಇಡಬೇಕು ಎಂದು ಕಮಿಟಿ ತೀರ್ಮಾನ ಮಾಡಿತು. ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ ಹಾಕುವ ಕೆಲಸ ನನಗೆ ಬಂತು. ಆಯಾ ಕ್ಯಾಸೆಟನ್ನು ನನ್ನ ಅಂಗಡಿಯ ಟೇಪ್‌ಡೆಕ್ಕಿನಲ್ಲಿ ಓಡಿಸಿ, ಬಂದ ಸದ್ದನ್ನು ಕಂಪ್ಯೂಟರಿನಲ್ಲಿ ತುಂಬಿಸಿ, ಒಂದೊಂದು ಪ್ರತಿಯನ್ನು ಸಿಡಿಗೂ ಹಾಕುತ್ತಿದ್ದೆ. ಸ್ಪೀಕರ್ ಯಾವುದು ಎಂಬಲ್ಲಿ ಜಗಳ ಹುಟ್ಟಿತು.

ಹೈಯರ್ ಸೆಕೆಂಡರಿ ಶಾಲೆಯಲ್ಲಿ ಕಾಮರ್ಸ್ ಕಲಿಸುವ ಮಾಸ್ಟ್ರೊಬ್ಬರು ಆಗಷ್ಟೇ ಒಂದು ಜೋಡಿ ಪುಟ್ಟ ಸ್ಪೀಕರ್ ತರಿಸಿದ್ದರು. ಎತ್ತರದಲ್ಲಿ ಒಂದು ನಿಘಂಟಿನಷ್ಟು. ಬೆಲೆಯೂ ಒಂದು ಮಿಕ್ಸಿಯ ಬೆಲೆಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆದರೆ ಇಂಟರ್‌ನೆಟ್ ತುಂಬ ಅದರದ್ದೇ ಸುದ್ದಿ. ಲಕ್ಷ ರೂಪಾಯಿಯ ಸ್ಪೀಕರುಗಳನ್ನು ನೆಲಕ್ಕೆ ಕೆಡಹುತ್ತದೆ ಎಂದು ಹೊಗಳಿದ ವಿಡಿಯೋಗಳನ್ನು ಮಾಸ್ಟ್ರು ನನಗೆ ಫೋನಿನಲ್ಲಿ ತೋರಿಸಿದ್ದರು. ಫೋನಿನ ಸ್ಪೀಕರಿನಲ್ಲಿ ಆ ಸ್ಪೀಕರಿನ ಸದ್ದು ಕೇಳಿ ತಲೆದೂಗುತ್ತಿದ್ದರು.

ಎದುರು ಪಕ್ಷದಲ್ಲಿ ಶಾರ್ಜಾದಲ್ಲಿ ಬಹಳ ವರ್ಷ ದುಡಿದು ಊರಿಗೆ ಮರಳಿದ ಒಬ್ಬರಿದ್ದರು. ಅವರು ಮನೆಗೆ ಫ್ರಿಜ್ಜು ತರುವ ಮೊದಲು ಹಡಗಿನಲ್ಲಿ ವಿಲಾಯತಿ ಸ್ಪೀಕರ್ ತಂದವರು. ಒಂದೊಂದನ್ನು ಎತ್ತಲು ಇಬ್ಬರು ಬೇಕು. ಬೆಲೆ ಒಂದು ಹೊಸ ಕಾರಿನಷ್ಟು. ಇಬ್ಬರೂ ಒಂದು ಮಧ್ಯಾಹ್ನ ನನ್ನ ಅಂಗಡಿಯಲ್ಲಿ ಎದುರಾದರು.

"ನನ್ನದು ಗಾತ್ರದಲ್ಲಿ ವಾಮನ," ಎಂದರು ಮಾಸ್ಟ್ರು. "ಓಣಂ ಬರ್ತಾ ಉಂಟಲ್ಲ. ನಿಮ್ಮ ಮಹಾಬಲಿಯನ್ನು ಹೊರಗೆ ತನ್ನಿ, ತಲೆಗೆ ಕಾಲಿಟ್ಟು ಪಾತಾಳಕ್ಕೆ ಕಳಿಸುವ."

ಶಾರ್ಜಾದವರು ನಕ್ಕರು. "ಓಣಂಗೆ ಊರಿನವರು ಬಾಗಿಲಲ್ಲಿ ಹೂ ಹಾಕಿ ಕಾಯುವುದು ವಾಮನನನ್ನಲ್ಲ ಮಾಸ್ಟ್ರೇ, ಮಹಾಬಲಿಯನ್ನು."

"ಹಾಗಾದ್ರೆ ಪರೀಕ್ಷೆ ಆಗಲಿ."

"ಆಗಲಿ. ಜನರಿಗೆ ವ್ಯತ್ಯಾಸ ಗೊತ್ತಾದರೆ ನನ್ನದರ ಕಂಪೆನಿಯದ್ದೇ ಒಂದು ಜೋಡಿ ವಾಚನಾಲಯಕ್ಕೆ ನನ್ನ ಲೆಕ್ಕದಲ್ಲಿ ತರಿಸಿಕೊಡ್ತೇನೆ. ಗೊತ್ತಾಗದಿದ್ದರೆ ನಿಮ್ಮ ಈ ಡಬ್ಬಿಯನ್ನೇ ಇಡಿ."

ಇಬ್ಬರೂ ನನ್ನ ಕಡೆ ತಿರುಗಿದರು. ಪರೀಕ್ಷೆ ನಡೆಸುವವನೂ ತೀರ್ಪು ಹೇಳುವವನೂ ನಾನೇ ಎಂದಾಯಿತು. ಬೇರೆ ಬೇರೆ ಇಬ್ಬರು ಆಗಬೇಕಿತ್ತು ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ತಯಾರಿಯ ಕೆಲಸದಲ್ಲಿ ನಾನು ಮೋಸ ಮಾಡಲಿಲ್ಲ. ಅದನ್ನು ಹೇಳಿಕೊಳ್ಳುವುದು ಸಮಾಧಾನಕ್ಕಲ್ಲ. ಅಷ್ಟು ನೇರವಾಗಿ ಕೆಲಸ ಮಾಡಲು ಬರುತ್ತಿದ್ದವನು ಎಲ್ಲಿ ಬಾಗಿದೆ ಎಂಬುದು ತಿಳಿಯಬೇಕು, ಅದಕ್ಕೆ.

ವಾಚನಾಲಯದ ಸಭಾಂಗಣದಲ್ಲಿ ಚಪ್ಪಾಳೆ ತಟ್ಟಿ ನೋಡಿದೆ. ಕಾಂಕ್ರೀಟು ತಾರಸಿ, ಸಿಮೆಂಟು ನೆಲ; ಸದ್ದು ಗೋಡೆಯಿಂದ ಗೋಡೆಗೆ ಹಾರುತ್ತಿತ್ತು. ನೆಲಕ್ಕೆ ತೆಂಗಿನ ನಾರಿನ ಚಾಪೆ ಹಾಸಿದೆ. ಪುಸ್ತಕದ ಕಪಾಟುಗಳನ್ನು ಹಿಂದಿನ ಗೋಡೆಗೆ ಸರಿಸಿದೆ. ಸದ್ದನ್ನು ಹೀರಲು ಹಳೆಯ ಕಾದಂಬರಿಗಳಷ್ಟು ಒಳ್ಳೆಯ ವಸ್ತು ಬೇರೆ ಇಲ್ಲ. ಪುಟ್ಟ ಸ್ಪೀಕರಿನ ಹಿಂದೆ ಒಂದು ತೂತು ಇತ್ತು. ಗೋಡೆಯ ಹತ್ತಿರ ಇಟ್ಟರೆ ಮದ್ದಳೆ ಡಬ್ಬದಂತೆ ಗುಮ್ಮೆನ್ನುತ್ತಿತ್ತು. ಹಾಗಾಗಿ ಎರಡೂ ಜೋಡಿಯನ್ನು ಗೋಡೆಯಿಂದ ಚೆನ್ನಾಗಿ ಮುಂದಕ್ಕೆ ತಂದೆ. ಸ್ಟ್ಯಾಂಡಿನ ಬದಲು ಕೆಂಪುಕಲ್ಲು ಪೇರಿಸಿದೆ. ಶಾರ್ಜಾದವರ ಸ್ಪೀಕರ್ ಇಟ್ಟ ಕೂಡಲೇ ಒಂದು ಕಲ್ಲು ಬಿರುಕು ಬಿಟ್ಟಿತು. ಅವರ ಮುಖದ ಬಣ್ಣ ಹೋಯಿತು; ಮಾಸ್ಟ್ರು "ಪಾತಾಳ ಹತ್ರ ಉಂಟು" ಎಂದರು.

ಎರಡು ಜೋಡಿಗೂ ಒಂದೇ ಮಾದರಿಯ ಎರಡು ಆಂಪ್ಲಿಫೈಯರ್ ಇಟ್ಟೆ. ಕೇಳುವವರ ಕಿವಿ ಬರುವ ಎತ್ತರಕ್ಕೆ ಕುರ್ಚಿಗೆ ಮೈಕ್ ಕಟ್ಟಿ ಅದನ್ನು ಮೀಟರಿಗೆ ಕೊಟ್ಟೆ. ಸ್ಟೇಶನ್ ಇಲ್ಲದ ಕಡೆ ರೇಡಿಯೋ ಮಾಡುವ ಸೊರ್ರೆಂಬ ಸದ್ದನ್ನು ಎರಡರಲ್ಲೂ ಹಾಕಿ, ಮೀಟರಿನ ಮುಳ್ಳು ಒಂದೇ ಕಡೆ ನಿಲ್ಲುವವರೆಗೆ ತಿರುಪಿದೆ. ಇದು ಮುಖ್ಯ. ಒಂದು ಚೂರು ಜೋರಾಗಿ ಕೇಳುವುದನ್ನು ನಮ್ಮ ಕಿವಿ ಜೋರು ಎನ್ನುವುದಿಲ್ಲ, ಒಳ್ಳೆಯದು ಎನ್ನುತ್ತದೆ. ಅಂಗಡಿಗಳಲ್ಲಿ ದುಬಾರಿ ಮಾಲು ಮಾರುವುದು ಈ ಒಂದು ಉಪಾಯದಿಂದಲೇ. ಸರಿಯಾದ ಜಾಗ ಸಿಕ್ಕಿದ ಮೇಲೆ ತಿರುಪುಗಳಿಗೆ ನೈಲ್‌ಪಾಲಿಶಿನ ಗುರುತು ಹಾಕಿದೆ.

ಮುಂದೆ ಪರದೆ. ಎರಡು ತೆಳು ಮುಂಡು ಪಂಚೆಗಳನ್ನು ಹೊಲಿಸಿ ಅಡ್ಡ ಕಟ್ಟಿದೆ. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ನೋಡಿ ಆರಿಸಿದ್ದೆ. ಉಸಿರು ಹೋಗುವ ಬಟ್ಟೆಯಲ್ಲಿ ತಾಳದ ಸದ್ದೂ ಹೋಗುತ್ತದೆ.

ಹಿಂದಿನ ದಿನ ಇಷ್ಟೆಲ್ಲ ನಡೆಯುತ್ತಿರುವಾಗ ಆ ಹೆಂಗಸು ಬಂದರು. ನಮ್ಮ ಊರಿನ ಮಹಿಳಾ ತಾಳಮದ್ದಳೆ ಸಂಘದಲ್ಲಿ ಭಾಗವತಿಕೆ, ಎಂದರೆ ಪದ್ಯ ಹಾಡುವ ಕೆಲಸ, ಅವರದ್ದು. ಹೊಟ್ಟೆಪಾಡಿಗೆ ಬೀಡಿ ಕಟ್ಟುತ್ತಿದ್ದರು. ಸೊಂಟದಲ್ಲಿ ಬೀಡಿ ಎಲೆಯ ಮೊರ, ನಮ್ಮ ಕಡೆಯ ತಡ್ಪೆ, ಹಿಡಿದುಕೊಂಡೇ ಒಳಗೆ ಬಂದು ಸೆಕ್ರೆಟರಿ ಇದ್ದಾರಾ ಎಂದು ಕೇಳಿದರು. ವಿಜಯದಶಮಿಯಿಂದ ವಾಚನಾಲಯದಲ್ಲಿ ಮಕ್ಕಳಿಗೆ ಭಾಗವತಿಕೆಯ ಕ್ಲಾಸು ಸುರು ಆಗುವುದಿತ್ತು. ಕಲಿಸುವವರು ಅವರೇ ಎಂದು ಬಾಯಿಮಾತಿನಲ್ಲಿ ಆಗಿತ್ತು. ಕಮಿಟಿಯಲ್ಲಿ ಪಾಸಾಗುವುದು ಬಾಕಿ. ಅವರಿಗೆ ಗುರು ಅನ್ನಿಸಿಕೊಳ್ಳುವ ಆಸೆ ಎಷ್ಟಿತ್ತು ಎಂಬುದು ಎಲ್ಲರಿಗೂ ತಿಳಿದದ್ದೇ. ಹೆಂಗಸು, ಬೀಡಿ ಕಟ್ಟುವವಳು, ಕಲಿತದ್ದು ಹಳೆಯ ಭಾಗವತರೊಬ್ಬರ ಜಗಲಿಯ ಹೊರಗೆ ಕೂತು. ಕಮಿಟಿಯ ಕೆಲವರಿಗೆ ಇದು ನುಂಗಲಾರದ ತುತ್ತು ಎಂಬುದೂ ಗುಟ್ಟಾಗಿರಲಿಲ್ಲ.

"ಒಳ್ಳೆ ಸಮಯಕ್ಕೆ ಬಂದ್ರಿ," ಎಂದೆ. "ಪರದೆಯ ಹಿಂದೆ ನಿಂತು ಒಂದು ಸಾಲು ಹಾಡಿ. ಬಟ್ಟೆ ಸ್ವರವನ್ನು ತಿನ್ನುತ್ತದಾ ನೋಡ್ಬೇಕು."

ಅವರು ತಡ್ಪೆಯನ್ನು ಕುರ್ಚಿಯಲ್ಲಿ ಇಟ್ಟು ಹಿಂದೆ ಹೋದರು. "ನಾನು ಯಾವ ಕಂಪೆನಿಯದ್ದು ಅಣ್ಣ? ಅಗ್ಗದ್ದಾ, ದುಬಾರಿಯದ್ದಾ?"

"ನೀವು ಊರಿನ ಕಂಪೆನಿ."

"ಹಾಗಾದ್ರೆ ಗ್ಯಾರಂಟಿ ಇಲ್ಲ," ಎಂದು ನಕ್ಕು, ಶ್ರುತಿ ಏನೂ ಇಲ್ಲದೆ ನಿಧಾನದ ಒಂದು ಪದ್ಯ ಎತ್ತಿಕೊಂಡರು. ಮೇಲಿನ ಸ್ವರದಲ್ಲಿ ಬಹಳ ಹೊತ್ತು ನಿಂತರು. ಗಾಳಿ ಇಲ್ಲದ ಕೋಣೆಯ ದೀಪದ ಹಾಗೆ ಆ ಸ್ವರ ಅಲುಗಲಿಲ್ಲ. ಬಟ್ಟೆ ಸ್ವರವನ್ನು ತಿನ್ನುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಆ ಹೊತ್ತಿಗೆ ನಾನು ಗಮನಿಸಿದ್ದು ಅಷ್ಟನ್ನೇ, ಬಟ್ಟೆಯನ್ನು.

ಪರೀಕ್ಷೆಯ ದಿನ ಮಧ್ಯಾಹ್ನದ ಊಟ ಮುಗಿಸಿ ಜನ ಬಂದರು. ಬಾಗಿಲಲ್ಲಿ ಮಕ್ಕಳು ಹಾಕಿದ್ದ ಓಣಂ ಹೂವಿನ ರಂಗೋಲಿಯನ್ನು ದಾಟಿಕೊಂಡು ಬಂದು ಬೆಂಚು ತುಂಬಿದರು. ಎಡಬದಿಯ ಬೆಂಚುಗಳಲ್ಲಿ ಹೆಂಗಸರು. ಅವರ ನಡುವೆ ಹಿಂದಿನ ದಿನ ಹಾಡಿದ ನಮ್ಮ ಭಾಗವತರು. ಪರದೆಯ ಹಿಂದೆ ಪುಟ್ಟ ಜೋಡಿ ಒಂದನೆಯದ್ದು, ದೊಡ್ಡ ಜೋಡಿ ಎರಡನೆಯದ್ದು. ಯಾವುದು ಯಾವ ನಂಬರು ಎಂಬುದು ನನಗೊಬ್ಬನಿಗೇ ಗೊತ್ತು.

ಮದ್ದಳೆ ಹಾಕಿದೆ, ಚೆಂಡೆ ಹಾಕಿದೆ, ಪದ್ಯದ ಅರ್ಥ ಹೇಳುವ ಅರ್ಥಧಾರಿಯ ಮಾತು ಹಾಕಿದೆ. ಒಂದರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ತಿರುಗಿಸುತ್ತಾ ಹೋದೆ. ಕೈ ಎತ್ತಿ ಎಂದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ. ಚೆಂಡೆಗೆ ಪುಟ್ಟದ್ದೇ ಹೆಚ್ಚು ಕೈ ಪಡೆಯಿತು. ನಡುವೆ ಕರೆಂಟು ಹೋಗಿ ಬಂತು. ಬಂದ ಮೇಲೂ ಹಾಗೆಯೇ.

"ಎಂತದೂ ವ್ಯತ್ಯಾಸ ಇಲ್ಲ ಮಾರಾಯ್ರೆ," ಎಂದು ಹಿಂದಿನಿಂದ ಒಬ್ಬರು. "ಎರಡೂ ಒಂದೇ ಪೆಟ್ಟಿಗೆ. ನಮ್ಮನ್ನು ಮಂಗ ಮಾಡ್ತಿದ್ದಾರೆ."

ನಗು ಎದ್ದಿತು. ಮಾಸ್ಟ್ರು ಕಾಲ ಮೇಲೆ ಕಾಲು ಹಾಕಿಕೊಂಡರು. ಶಾರ್ಜಾದವರು ನನ್ನನ್ನೇ ನೋಡುತ್ತಿದ್ದರು. "ನಿಮಗೂ ಗೊತ್ತಾಗುವುದಿಲ್ವಾ?" ಎಂದು ಕೇಳಿದರು, ಜೋರಾಗಿ ಅಲ್ಲ.

ನನಗೆ ವ್ಯತ್ಯಾಸ ಗೊತ್ತಾಗುತ್ತಿತ್ತು. ದೊಡ್ಡದರಲ್ಲಿ ಸದ್ದುಗಳ ನಡುವೆ ಜಾಗ ಇತ್ತು. ಹಿಂದೆ ಮೆಲ್ಲಗೆ ಹಿಡಿದ ಶ್ರುತಿ, ಹಾಡುವವರು ಉಸಿರು ತೆಗೆದುಕೊಳ್ಳುವುದು, ಎಲ್ಲ ಬೇರೆ ಬೇರೆಯಾಗಿ ಕೇಳುತ್ತಿತ್ತು. ಪುಟ್ಟದ್ದು ಎಲ್ಲವನ್ನೂ ಸೇರಿಸಿ ಸಿಹಿ ಮಾಡಿ ಕೊಡುತ್ತಿತ್ತು. ಆದರೆ ಅದು ಮನೆಯಲ್ಲಿ ಒಬ್ಬರೇ ಕೂತು ಕೇಳಿದರೆ ತಿಳಿಯುವ ವ್ಯತ್ಯಾಸ. ಬೆಂಚು ತುಂಬ ಜನ, ಫ್ಯಾನಿನ ಸದ್ದು, ಅಲ್ಲಿ ಅದನ್ನು ತೋರಿಸುವುದು ಕಷ್ಟ. 'ಇಲ್ಲಿ ಕೂತು ಕೇಳಿದರೆ ವ್ಯತ್ಯಾಸ ಕಡಿಮೆ' ಎಂದು ಹೇಳಿ ಮುಗಿಸಬಹುದಿತ್ತು. ಅದೇ ಸರಿಯಾದ ತೀರ್ಪು. ಆದರೆ ಕಿವಿಯ ಹೆಸರು ಹೊತ್ತವನಿಗೆ ಹಾಗೆ ಹೇಳಿ ಇಳಿಯಲು ಮನಸ್ಸಾಗಲಿಲ್ಲ.

ಕೈಗೆ ಸಿಕ್ಕಿದ್ದು ನಾನು ಆ ವಾರ ಮಾಡಿದ ಸಿಡಿ. ಕೆಲವು ವರ್ಷ ಹಿಂದೆ ಇದೇ ಸಭಾಂಗಣದಲ್ಲಿ ನಮ್ಮ ಭಾಗವತರು ಹಾಡಿದ ನಿಧಾನದ ಪದ್ಯ. ಮೊದಲು ಪುಟ್ಟದರಲ್ಲಿ ಹಾಕಿದೆ, ಜನ ತಲೆದೂಗಿದರು. ದೊಡ್ಡದಕ್ಕೆ ತಿರುಗಿಸಿ ಅದೇ ಸಾಲನ್ನು ಮತ್ತೆ ಹಾಕಿದೆ. ಉದ್ದಕ್ಕೆ ಎಳೆದ ಮೇಲಿನ ಸ್ವರದ ನಡುವೆ, ಒಂದು ಕಡೆ, ಸ್ವರ ಮೆಲ್ಲಗೆ ಕೆಳಗೆ ಜಾರಿ ಮತ್ತೆ ಮೇಲೆ ಬಂತು. ನನ್ನ ಕಿವಿ ನಿಮಿರಿತು. ಹಿಂದೆ ಮಾಡಿ ಪುನಃ ಹಾಕಿದೆ. ಅದೇ ಜಾಗದಲ್ಲಿ ಅದೇ ಜಾರು.

ಸಿಡಿಯನ್ನು ನಿಲ್ಲಿಸಿ ಎದ್ದು ನಿಂತೆ. "ಈಗ ಗಮನ ಕೊಟ್ಟು ಕೇಳಿ. ನಾನು ಕೈ ಎತ್ತಿದಲ್ಲಿ ಶ್ರುತಿ ಬಿಡ್ತದೆ." ಹಾಕಿದೆ, ಕೈ ಎತ್ತಿದೆ. ಸಭೆಯಿಡೀ 'ಓ' ಎಂದಿತು.

"ಒಂದನೆಯದ್ದರಲ್ಲಿ ಕೇಳಿದಿರಾ ಇದನ್ನು? ಇಲ್ಲ. ಅಗ್ಗದ್ದು ತಪ್ಪನ್ನು ಮುಚ್ಚಿಡ್ತದೆ. ದುಬಾರಿಯದ್ದು ಯಾರ ಮುಖವನ್ನೂ ನೋಡುವುದಿಲ್ಲ. ವ್ಯತ್ಯಾಸ ಅಂದ್ರೆ ಇದು."

ಚಪ್ಪಾಳೆ ಬಿತ್ತು. ಶಾರ್ಜಾದವರು ಎದ್ದು ಬಂದು ನನ್ನ ಕೈ ಹಿಡಿದರು. ಆಗ ಎಡಬದಿಯಿಂದ ಮಾತು ಬಂತು.

"ನಾನು ಹಾಗೆ ಹಾಡುವುದಿಲ್ಲ ಅಣ್ಣ."

ಸಿಟ್ಟಿನಿಂದ ಹೇಳಿದ್ದಲ್ಲ. ಯಾರದೋ ವಸ್ತು ತಪ್ಪಿ ತನ್ನ ಕೈಗೆ ಬಂದಿದೆ ಎಂದು ಹೇಳುವ ಹಾಗೆ ಹೇಳಿದರು. ನಾನು ಚಪ್ಪಾಳೆಯ ಬಿಸಿಯಲ್ಲಿದ್ದೆ. "ಇಷ್ಟು ಜನ ಕೇಳಿದ್ದು ಸುಳ್ಳಾ?" ಎಂದೆ. ಜನ ನಕ್ಕರು. ಅವರೂ ಸ್ವಲ್ಪ ನಕ್ಕು ಸೆರಗು ಸರಿ ಮಾಡಿಕೊಂಡು ಕೂತರು.

ಒಂದನೆಯ ನಂಬರಿಗೆ ನಾನು ಮತ್ತೆ ತಿರುಗಿಸಲಿಲ್ಲ. ಎಲ್ಲಿ ಕೇಳಬೇಕೆಂದು ತೋರಿಸಿದ ಮೇಲೆ ಪುಟ್ಟದರಲ್ಲೂ ಅದೇ ಸಾಲನ್ನು ಹಾಕಬೇಕಿತ್ತು. ಇಡೀ ಮಧ್ಯಾಹ್ನ ಹಿಂದೆ ಮುಂದೆ ತಿರುಗಿಸುತ್ತಲೇ ಇದ್ದವನು ಅದೊಂದು ಸಲ ತಿರುಗಿಸಲಿಲ್ಲ. ಆಮೇಲೆ ಒಬ್ಬನೇ ಇದ್ದಾಗ ಹಾಕಿ ನೋಡಿದೆ. ಪುಟ್ಟದರಲ್ಲೂ ಆ ಜಾರು ಸ್ಪಷ್ಟವಾಗಿಯೇ ಕೇಳುತ್ತಿತ್ತು. ಸ್ಪೀಕರ್ ಅಗ್ಗವಾಗಲಿ ದುಬಾರಿಯಾಗಲಿ, ಸ್ವರದ ದಪ್ಪ ತೆಳುವನ್ನು ಬದಲಿಸೀತು, ಶ್ರುತಿಯನ್ನು ಬದಲಿಸಲಾರದು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ.

ಸಭೆ ಚದುರುವಾಗ ಸೆಕ್ರೆಟರಿ ನನ್ನ ಪಕ್ಕಕ್ಕೆ ಬಂದು, "ಶ್ರುತಿ ನಿಲ್ಲದವರನ್ನು ಮಕ್ಕಳಿಗೆ ಕಲಿಸ್ಲಿಕ್ಕೆ ಇಡುವುದು ಹೇಗೆ ಮಾರಾಯ್ರೆ? ಕಮಿಟಿಯಲ್ಲಿ ಈಗ ಕೇಳಿಯೇ ಕೇಳ್ತಾರೆ. ನಿಮ್ಮ ಅಭಿಪ್ರಾಯ ಎಂತ?" ಎಂದರು.

"ನಾನು ಎಂತ ಹೇಳುವುದು? ಎಲ್ಲರೂ ಕೇಳಿದ್ದೀರಲ್ಲ," ಎಂದೆ. ನನ್ನ ಮಟ್ಟಿಗೆ ಅದು ಯಾರ ಪಕ್ಷವನ್ನೂ ವಹಿಸದ ಉತ್ತರವಾಗಿತ್ತು.

ಕೆಲವು ದಿನಗಳ ನಂತರ ಒಬ್ಬರು ತಮ್ಮ ಮದುವೆಯ ನಾಗಸ್ವರದ ಕ್ಯಾಸೆಟನ್ನು ಸಿಡಿ ಮಾಡಿಸಲು ತಂದರು. ನುಡಿಸಿದವರು ಈ ಕಡೆಯಲ್ಲೆಲ್ಲ ಹೆಸರಾದ ವಿದ್ವಾಂಸರು. ಡೆಕ್ಕಿಗೆ ಹಾಕಿ ಬೇರೆ ಕೆಲಸದಲ್ಲಿದ್ದೆ. ಉದ್ದದ ಒಂದು ಸ್ವರದಲ್ಲಿ ನಾಗಸ್ವರ ಮೆಲ್ಲಗೆ ಕೆಳಗೆ ಜಾರಿ ಮೇಲೆ ಬಂತು. ಕೈಯ ಕೆಲಸ ನಿಂತಿತು. ಇಂಥವರು ಹೀಗೆ ನುಡಿಸುವವರಲ್ಲ, ಡೆಕ್ಕಿನಲ್ಲೇ ಏನೋ ಆಗಿದೆ ಎಂದುಕೊಂಡೆ. ತಕ್ಷಣ ಸ್ಕ್ರೂ ಬಿಚ್ಚಿದೆ.

ಆ ಯೋಚನೆ ಎಷ್ಟು ಬೇಗ ಬಂತು ಎಂಬುದನ್ನು ಇವತ್ತಿಗೂ ಮರೆತಿಲ್ಲ. ಹೆಸರಾದ ವಿದ್ವಾಂಸರ ಸ್ವರ ಜಾರಿದಾಗ ಯಂತ್ರದ ಮೇಲೆ ಸಂಶಯ. ಬೀಡಿ ಕಟ್ಟುವ ಹೆಂಗಸಿನ ಸ್ವರ ಜಾರಿದಾಗ ಹೆಂಗಸಿನ ಮೇಲೆ ಸಂಶಯ.

ಡೆಕ್ಕಿನ ಒಳಗೆ ಟೇಪನ್ನು ಎಳೆಯುವ ರಬ್ಬರಿನ ಚಕ್ರ ಒಂದಿರುತ್ತದೆ. ಮಳೆಗಾಲದ ತೇವಕ್ಕೆ ಹಳೆಯ ಕ್ಯಾಸೆಟುಗಳಿಂದ ಉದುರಿದ ಕಂದು ಹುಡಿ ಅದಕ್ಕೆ ಮೆತ್ತಿಕೊಂಡು, ರಬ್ಬರು ಗಾಜಿನ ಹಾಗೆ ನಯವಾಗಿತ್ತು. ಆಗಾಗ ಅದು ಟೇಪಿನ ಮೇಲೆ ಜಾರುತ್ತಿತ್ತು. ಜಾರಿದ ಕ್ಷಣ ಟೇಪ್ ನಿಧಾನ, ಸ್ವರ ಕೆಳಗೆ. ಹಿಡಿದಾಗ ಸ್ವರ ಮೇಲೆ. ಸ್ಪಿರಿಟ್ ಹಾಕಿ ಉಜ್ಜಿದೆ, ಹೋಗಲಿಲ್ಲ. ಇನ್ನೊಂದು ಹಾಳಾದ ಡೆಕ್ಕಿನಿಂದ ಒಳ್ಳೆಯ ಚಕ್ರ ಕಿತ್ತು ಹಾಕಿ, ಮೋಟರಿನ ಬೆಲ್ಟನ್ನೂ ಬದಲಿಸಿದೆ. ನಾಗಸ್ವರ ನೇರವಾಯಿತು.

ಆಮೇಲೆ ಆ ಇನ್ನೊಂದು ಕ್ಯಾಸೆಟನ್ನು, ನಮ್ಮ ಭಾಗವತರದ್ದನ್ನು, ತೆಗೆದೆ. ಹಾಕುವ ಮೊದಲೇ ಗೊತ್ತಿತ್ತು, ಆದರೂ ಹಾಕಿದೆ. ಪದ್ಯ ಬಂತು, ಮೇಲಿನ ಸ್ವರ ಬಂತು, ನಾನು ಸಭೆಯಲ್ಲಿ ಕೈ ಎತ್ತಿದ್ದ ಜಾಗ ಬಂತು. ಅಲ್ಲಿ ಏನೂ ಇರಲಿಲ್ಲ. ಪರದೆಯ ಹಿಂದೆ ನಿಂತು ಹಾಡಿದ ದಿನ ಹೇಗೆ ನಿಂತಿತ್ತೋ ಹಾಗೆಯೇ ನಿಂತಿತ್ತು.

ಹಳೆಯ ಸಿಡಿಯನ್ನು ಮತ್ತೊಮ್ಮೆ ಹಾಕಿದೆ. ಈ ಸಲ ಹಾಡನ್ನು ಬಿಟ್ಟು ಹಿಂದಿನ ಶ್ರುತಿಪೆಟ್ಟಿಗೆಯ ಸದ್ದಿಗೆ ಕಿವಿ ಕೊಟ್ಟೆ. ಹಾಡು ಜಾರುವಲ್ಲಿ ಶ್ರುತಿಯೂ ಒಟ್ಟಿಗೇ ಜಾರುತ್ತಿತ್ತು. ಸ್ವರ ಮಾತ್ರ ಇಳಿದರೆ ತಪ್ಪು ಹಾಡಿದವರದ್ದು; ಶ್ರುತಿಯೂ ಜೊತೆಗೆ ಇಳಿದರೆ ತಪ್ಪು ಯಂತ್ರದ್ದು. ರಿಪೇರಿ ಕಲಿಯುವವರಿಗೆ ಮೊದಲ ತಿಂಗಳು ಹೇಳಿಕೊಡುವ ಪಾಠ. ಆ ದಿನ ದೊಡ್ಡ ಸ್ಪೀಕರ್ ಶ್ರುತಿಯನ್ನು ಬೇರೆಯಾಗಿ ಎತ್ತಿ ನನ್ನ ಎದುರೇ ಇಟ್ಟಿತ್ತು. ನಿನ್ನ ಡೆಕ್ಕು ಕೆಟ್ಟಿದೆ ಎಂದು ಅದು ಹೇಳುತ್ತಿದ್ದಾಗ ನಾನು ಸಭೆಯ ಕಡೆ ಮುಖ ಮಾಡಿ ಕೈ ಎತ್ತಿ ನಿಂತಿದ್ದೆ.

ಕಮಿಟಿ ಇನ್ನೂ ಸೇರಿರಲಿಲ್ಲ. ಸೆಕ್ರೆಟರಿಯ ಮನೆ ನನ್ನ ಅಂಗಡಿಯಿಂದ ಒಂದು ಆಟೋದ ದೂರ. ನಾಳೆ ಹೋಗುವ ಎಂದುಕೊಂಡೆ. ಸರಿಯಾದ ಪ್ರತಿಯನ್ನು ಕಂಪ್ಯೂಟರಿಗೆ ತುಂಬಿಸಿ ಇಟ್ಟೆ.

ಮಾರನೆಯ ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಸ್ವಲ್ಪ ಹೊತ್ತಿಗೆ ಅವರೇ ಬಂದರು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಶ್ರುತಿಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟರು. ಕರೆಂಟಿನಲ್ಲಿ ನಡೆಯುವ ಸಣ್ಣ ಪೆಟ್ಟಿಗೆ.

"ಇದರಲ್ಲಿ ಎಂತಾದರೂ ತೊಂದರೆ ಉಂಟಾ ನೋಡಿ ಅಣ್ಣ."

"ಎಂತ ಆಗ್ತದೆ?"

"ನನಗೆ ಗೊತ್ತಾಗುವುದಿಲ್ಲ. ಅದೇ ನನ್ನ ತೊಂದರೆ." ನಗಲು ನೋಡಿದರು. "ಮನೆಯಲ್ಲಿ ಇದನ್ನು ಕಿವಿಯ ಹತ್ರವೇ ಇಟ್ಟು ಹಾಡಿ ನೋಡಿದೆ. ನನಗೆ ಸರಿ ಅಂತಲೇ ಕೇಳ್ತದೆ. ಆದರೆ ಆ ದಿನವೂ ಸರಿ ಅಂತಲೇ ಕೇಳಿತ್ತಲ್ಲ. ಈ ಪೆಟ್ಟಿಗೆಯೇ ಸ್ವಲ್ಪ ಆಚೆ ಈಚೆ ಹೋಗ್ತದಾ ಅಂತ. ಅದರ ಹಿಂದೆ ನಾನೂ ಹೋದದ್ದಾ ಅಂತ."

ನಾನು ಪೆಟ್ಟಿಗೆಯನ್ನು ಆನ್ ಮಾಡಿದೆ. ಮೀಟರಿಗೆ ಕೊಟ್ಟೆ, ಬಿಸಿಯಾಗುವವರೆಗೆ ಬಿಟ್ಟೆ, ಮತ್ತೆ ನೋಡಿದೆ. ಇಷ್ಟೆಲ್ಲ ಬೇಕಿರಲಿಲ್ಲ. ಕಂಪ್ಯೂಟರ್ ಪಕ್ಕದಲ್ಲೇ ಇತ್ತು, ಅವರ ಹಾಡು ಅದರಲ್ಲಿ ನೇರವಾಗಿ ಕೂತಿತ್ತು. ಒಂದು ಬಟನ್ ಒತ್ತಿ 'ನೋಡಿ, ತಪ್ಪು ನನ್ನ ಡೆಕ್ಕಿನದ್ದು' ಎಂದರೆ ಮುಗಿಯುತ್ತಿತ್ತು. ಆದರೆ ಆ ವೇಳೆಗೆ ನನ್ನ ಮಾತನ್ನು ನಂಬಿ ಶಾರ್ಜಾದವರು ಹೊಸ ಜೋಡಿಗೆ ಆರ್ಡರ್ ಕೊಟ್ಟಾಗಿತ್ತು. ವಾಚನಾಲಯದ ಮಿಕ್ಕ ಕ್ಯಾಸೆಟುಗಳನ್ನೂ ಅದೇ ಡೆಕ್ಕಿನಲ್ಲಿ ಓಡಿಸಿದ್ದೆ. ಪೇಟೆಯಲ್ಲಿ ಸಿಕ್ಕಿದವರೆಲ್ಲ 'ನಿಮ್ಮ ಕಿವಿ ಅಂದ್ರೆ ಕಿವಿ' ಎನ್ನುತ್ತಿದ್ದರು. ಇವೆಲ್ಲ ತಲೆಯಲ್ಲಿ ಹಾದುಹೋದವು. ಪೆಟ್ಟಿಗೆಯ ಶ್ರುತಿ ಅಂಗಡಿಯಲ್ಲಿ ಒಂದೇ ಸಮನೆ ಮೊಳಗುತ್ತಿತ್ತು.

"ಪೆಟ್ಟಿಗೆ ಸರಿ ಉಂಟು," ಎಂದೆ.

ಅದು ಸತ್ಯ. ನನ್ನ ಬದುಕಿನಲ್ಲಿ ನಾನು ಆಡಿದ ಯಾವ ಸುಳ್ಳೂ ಆ ಸತ್ಯದಷ್ಟು ಕೆಟ್ಟದ್ದಾಗಿರಲಿಲ್ಲ.

ಅವರು ಪೆಟ್ಟಿಗೆಯ ಕಡೆ ಕೈ ಚಾಚಿದರು. "ಹಾಗಾದ್ರೆ ನನ್ನದೇ," ಎಂದರು. ಅದನ್ನು ಆಫ್ ಮಾಡಿ, ವಯರನ್ನು ಸುತ್ತಿ, ಚೀಲಕ್ಕೆ ಹಾಕಿಕೊಂಡರು. "ಎಷ್ಟಾಯಿತು ಅಣ್ಣ?" ಎಂದು ಕೇಳಿದರು. ನಾನು ಏನೂ ಬೇಡ ಎಂದೆ. ಅದನ್ನು ನನ್ನ ಒಳ್ಳೆಯತನ ಎಂದುಕೊಂಡು ಕೈ ಮುಗಿದು ಹೋದರು.

ಸೆಕ್ರೆಟರಿಯ ಮನೆಗೆ ನಾನು ಹೋಗಲಿಲ್ಲ. ಕಮಿಟಿ ಸೇರಿತು. ಎಣ್ಮಕಜೆ ಕಡೆಯ ಭಾಗವತರೊಬ್ಬರನ್ನು ಗೊತ್ತುಮಾಡಿದರು. ಅವರು ಬಸ್ಸಿನಲ್ಲಿ ಬಂದು ಕಲಿಸಿ ಹೋಗುವುದೆಂದಾಯಿತು. ನಮ್ಮ ಭಾಗವತರೇ ಕಮಿಟಿಗೆ ಹೇಳಿ ಕಳಿಸಿದ್ದರಂತೆ, ಬೇರೆಯವರನ್ನು ನೋಡಿಕೊಳ್ಳಿ, ನನಗೆ ಶ್ರುತಿ ನಿಲ್ಲುವುದಿಲ್ಲ ಎಂದು. ಸೆಕ್ರೆಟರಿಗೆ ಹಗುರವಾಯಿತು. "ಒಳ್ಳೆಯ ಹೆಂಗಸು, ತನಗೇ ಗೊತ್ತಾಯ್ತಲ್ಲ," ಎಂದು ನನ್ನಲ್ಲಿ ಹೇಳಿದರು. ನಾನು ಹೌದು ಎಂದೆ.

ಆಮೇಲೆ ನಾನು ಮಾಡಿದ್ದು ಇಷ್ಟು. ವಾಚನಾಲಯದ ಕ್ಯಾಸೆಟುಗಳನ್ನೆಲ್ಲ ಒಂದು ನೆಪ ಹೇಳಿ ಪುನಃ ತಂದು, ರಿಪೇರಿ ಮಾಡಿದ ಡೆಕ್ಕಿನಲ್ಲಿ ಇನ್ನೊಮ್ಮೆ ಓಡಿಸಿದೆ. ಹಳೆಯ ಪ್ರತಿಗಳನ್ನು ಅಳಿಸಿದೆ, ಸಿಡಿಗಳನ್ನು ಮುರಿದೆ. ಅವರ ಹಾಡಿಗೆ ಮೊದಲು ಅವರ ಹೆಸರನ್ನು ಕೊಟ್ಟಿದ್ದೆ. ಈ ಸಲ ಹೆಸರು ತೆಗೆದು 'ಮಹಿಳಾ ತಾಳಮದ್ದಳೆ, ಹಳೆಯ ಧ್ವನಿಮುದ್ರಣ' ಎಂದಷ್ಟೇ ಟೈಪ್ ಮಾಡಿದೆ. ಯಾರಾದರೂ ಹುಡುಕಿ ಹಾಕಿ, ಈಗ ಜಾರು ಎಲ್ಲಿ ಹೋಯಿತು ಎಂದು ಕೇಳಬಾರದಲ್ಲ.

ಆದರೂ ಒಬ್ಬರು ಕೇಳಿದರು. ಹೊಸ ಸ್ಪೀಕರ್ ಬಂದು ಕೆಲವು ತಿಂಗಳಾಗಿತ್ತು. ಶಾರ್ಜಾದವರು ವಾಚನಾಲಯದಲ್ಲಿ ಕೂತು ಒಂದೊಂದೇ ಹಾಡು ಹಾಕಿ ಕೇಳುತ್ತಿದ್ದರು. ಆ ಪದ್ಯ ಬಂತು. ಅವರು ಕಣ್ಣು ಮುಚ್ಚಿ ಕೇಳಿ, ಮುಗಿದ ಮೇಲೆ ನನ್ನ ಕಡೆ ತಿರುಗಿದರು.

"ಇದು ಅವರೇ ಅಲ್ವಾ? ಆ ದಿನ ಶ್ರುತಿ ಬಿಟ್ಟದ್ದು?"

ನಾನು ಬಗ್ಗಿ ಸ್ಪೀಕರಿನ ವಯರನ್ನು ಸರಿ ಮಾಡತೊಡಗಿದೆ.

"ಈಗ ಎಷ್ಟು ಚೆಂದ ಕೇಳ್ತದೆ ನೋಡಿ," ಎಂದರು ಅವರೇ. "ನಾನು ಹೇಳ್ಳಿಲ್ವಾ? ಒಳ್ಳೆಯ ಸ್ಪೀಕರ್ ನೂರಾರು ಗಂಟೆ ಓಡಿದ ಮೇಲೆ ಹದಕ್ಕೆ ಬರುವುದು."

ಸ್ಪೀಕರ್ ಹದಕ್ಕೆ ಬರುವುದು ಎಂಬುದು ಆ ಹುಚ್ಚಿನವರೆಲ್ಲ ಹೇಳುವ ಮಾತು. ಮಾಸ್ಟ್ರು ಅದನ್ನು ಹಿಡಿದು ಅವರನ್ನು ಯಾವಾಗಲೂ ತಮಾಷೆ ಮಾಡುತ್ತಿದ್ದರು, ನಾನೂ ಜೊತೆಗೆ ನಗುತ್ತಿದ್ದೆ. ಆ ದಿನ ನಗಲಿಲ್ಲ.

"ಹೌದು," ಎಂದೆ. "ಹದಕ್ಕೆ ಬಂದಿದೆ."

ಈಗ ಆ ದೊಡ್ಡ ಸ್ಪೀಕರುಗಳ ಮೇಲೆ ದಿನಪತ್ರಿಕೆಯ ಕಟ್ಟುಗಳಿವೆ. ಕೇಳುವವರು ಫೋನಿನಲ್ಲೇ ಕೇಳುತ್ತಾರೆ. ಕ್ಲಾಸು ಎರಡು ಮೂರು ವರ್ಷ ನಡೆದು ನಿಂತಿತು. ಮಹಿಳಾ ಸಂಘಕ್ಕೆ ಬೇರೆ ಭಾಗವತರು ಬಂದರು. ನಮ್ಮ ಆ ಹಳೆಯ ಭಾಗವತರು ಮತ್ತೆ ಹಾಡಿದ್ದನ್ನು ನಾನು ಕೇಳಿಲ್ಲ. ಒಂದು ಮದುವೆಯ ಮನೆಯಲ್ಲಿ ಹೆಂಗಸರು ಶೋಭಾನೆ ಹಾಡಲು ಒತ್ತಾಯ ಮಾಡುತ್ತಿದ್ದರು. ಅವರು ನಗುತ್ತಾ ತಲೆಯಲ್ಲಾಡಿಸಿ, "ನನ್ನನ್ನು ಸೇರಿಸ್ಬೇಡಿ, ನಿಮ್ಮ ಶ್ರುತಿಯೂ ಹಾಳಾಗ್ತದೆ," ಎಂದು ಹೇಳುವುದು ನನಗೆ ಮೈಕ್‌ಸೆಟ್ಟಿನ ಹತ್ತಿರದಿಂದಲೇ ಕೇಳಿಸಿತು. ಎಷ್ಟೋ ಸಲ ಹೇಳಿ ಹೇಳಿ ರೂಢಿಯಾದ ಮಾತಿನ ಹಾಗಿತ್ತು ಅದು.

ಕಟ್ಟಿದ ಬೀಡಿ ಕೊಡುವ ಬ್ರಾಂಚಿಗೆ ಅವರು ನಡೆದು ಹೋಗುವುದು ನಮ್ಮ ಮನೆಯ ಮುಂದಿನ ದಾರಿಯಲ್ಲೇ. ನಾನು ಜಗಲಿಯಲ್ಲಿ ಇದ್ದರೆ ನಿಂತು, "ಚಾ ಆಯ್ತಾ ಅಣ್ಣ? ಕಣ್ಣು ಹೇಗುಂಟು?" ಎಂದು ಕೇಳುತ್ತಾರೆ. ಆಯ್ತು ಎನ್ನುತ್ತೇನೆ. ಈಗ ಚೆನ್ನಾಗಿ ಕಾಣ್ತದೆ ಎನ್ನುತ್ತೇನೆ. ಅವರು ಹೋಗುತ್ತಾರೆ. ಬಾಯಿಬಿಟ್ಟು ಹೇಳಲು ಎಷ್ಟೋ ಬೆಳಗುಗಳು ಸಿಕ್ಕಿದವು. ಇವತ್ತು ಬೆಳಿಗ್ಗೆಯೂ ಸಿಕ್ಕಿತ್ತು.

ಮೊನ್ನೆ ವಾಚನಾಲಯದಲ್ಲಿ ಯಾರೋ ದೂರದಿಂದ ಬಂದವರು ಹಳೆಯ ಹಾಡುಗಳನ್ನು ಕೇಳುತ್ತಿದ್ದರು. ಆ ಪದ್ಯ ಮುಗಿದಾಗ, "ಎಂಥ ಶ್ರುತಿ! ಯಾರು ಇದು ಹಾಡಿದ್ದು? ಹೆಸರಿಲ್ಲವಲ್ಲ," ಎಂದು ನನ್ನನ್ನೇ ಕೇಳಿದರು. ಗೊತ್ತಿಲ್ಲ ಎಂದು ಬಂದೆ.

ಗೊತ್ತಿದೆ. ಆ ದಿನ ಕೆಟ್ಟಿದ್ದು ನನ್ನ ಡೆಕ್ಕು. ಹಾಡಿದವರು ಗುಲಾಬಿ.